ಸೆಲಾತ್‌ನ ಉಡಗಳು

ಸಿಂಗಾಪುರದ ಸೆಲಾತ್ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ಕಟ್ಟಲು ಹೊರಟ ಹುಡುಗರಿಗೆ ಒಬ್ಬ ಅಧ್ಯಾಪಕರ ಹೆಸರು ಬೇಕಾಗಿತ್ತು. ಬರೀ ಹೆಸರು. ಅದಿಲ್ಲದೆ ಕ್ಲಬ್ಬಿಗೆ ಮಾನ್ಯತೆ ಇಲ್ಲ ಎಂದು ಕ್ರೀಡಾ ಕಚೇರಿ ಹೇಳಿಬಿಟ್ಟಿತ್ತು. 1992ರ ಆರಂಭದಲ್ಲಿ ವೀ ಕಿಯಾಂಗ್ ಎಂಬ ವಿದ್ಯಾರ್ಥಿ ಎಂಜಿನಿಯರಿಂಗ್ ವಿಭಾಗದ ಬಾಗಿಲುಗಳನ್ನೆಲ್ಲ ತಟ್ಟಿ, ಎಲ್ಲರ ಕೈಲೂ ಆಗುವುದಿಲ್ಲ ಅನ್ನಿಸಿಕೊಂಡು, ಕಡೆಗೆ ಸ್ವರ್ಣಲತಾ ಮೇಡಂ ಕೋಣೆಗೆ ಬಂದ. ತೊಲೆ, ಕಂಬ, ಭಾರ ಇವುಗಳ ಪಾಠ ಮಾಡುತ್ತಿದ್ದ, ನಲವತ್ತು ದಾಟಿದ, ಸದಾ ಹತ್ತಿ ಸೀರೆಯುಡುವ ಹೆಂಗಸು. ಅವನಿಗೂ ಹೆಚ್ಚೇನೂ ಆಸೆಯಿರಲಿಲ್ಲ.

"ನೀವು ಏನೂ ಮಾಡೋದು ಬೇಡ ಮೇಡಂ. ಹೆಸರು ಕೊಟ್ರೆ ಸಾಕು ಲಾ," ಎಂದ, ಅಲ್ಲಿನವರು ಮಾತಿನ ಕೊನೆಗೆ ಹಚ್ಚುವ 'ಲಾ' ಸೇರಿಸಿ.

"ಬರೀ ಹೆಸರು ಕೊಡೋ ಅಭ್ಯಾಸ ನನಗಿಲ್ಲ," ಎಂದರು ಸ್ವರ್ಣಲತಾ. "ನಿಮ್ಮ ಮುಂದಿನ ಸಾಲಲ್ಲಿ ಯಾರ್ಯಾರು ನಿಲ್ತಾರೆ? ಎಲ್ರೂ ನಿನ್ನ ಹಾಗೆ ಸಣ್ಣಗೇ ಇದ್ದಾರಾ?"

ವೀ ಕಿಯಾಂಗ್ ಕುರ್ಚಿ ಎಳೆದುಕೊಂಡು ಕೂತ.

ಸ್ವರ್ಣಲತಾ ಕಾರ್ಕಳದ ಕಡೆಯವರು. ಡಾಕ್ಟರೇಟ್ ಮಾಡಲು ಅಮೆರಿಕದ ಬಯಲುಸೀಮೆಯ ಒಂದು ವಿಶ್ವವಿದ್ಯಾಲಯಕ್ಕೆ ಹೋಗಿದ್ದಾಗ ಕೈಖರ್ಚಿಗೆಂದು ಕೆಲಸ ಹುಡುಕಿ, ಅಲ್ಲಿನ ಫುಟ್‌ಬಾಲ್ ತರಬೇತುದಾರರ ಕೋಣೆಯಲ್ಲಿ ಪ್ರೊಜೆಕ್ಟರ್ ನಡೆಸುವ ಕೆಲಸ ಹಿಡಿದಿದ್ದರು. ಶನಿವಾರ ಆಡಿದ ಪಂದ್ಯದ ಫಿಲ್ಮನ್ನು ವಾರವಿಡೀ ಹಿಂದೆ ಮುಂದೆ ಓಡಿಸುವುದು. ಮೊದಲ ತಿಂಗಳು ಕಂಡದ್ದು ದನ ಗುದ್ದಾಡಿದಂಥ ಗೊಂದಲ. ಆಮೇಲೆ ಅದರೊಳಗಿನ ಲೆಕ್ಕ ಕಾಣತೊಡಗಿತು. ನಾಲ್ಕು ಅವಕಾಶದಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಇಲ್ಲದಿದ್ದರೆ ಎದುರಾಳಿಗೆ ಒಪ್ಪಿಸಬೇಕು. ಆಟವೆಲ್ಲ ಇಷ್ಟೆ. ಆ ಹತ್ತು ಗಜಕ್ಕಾಗಿ ಹನ್ನೊಂದು ಜನ ಒಂದೇ ಗಳಿಗೆಯಲ್ಲಿ ಹನ್ನೊಂದು ಬೇರೆ ಬೇರೆ ಕೆಲಸ ಮಾಡುವುದನ್ನು ನೋಡುತ್ತ ನೋಡುತ್ತ ಅವರಿಗೆ ಆಟದ ಹುಚ್ಚು ಹಿಡಿದಿತ್ತು. ಸಿಂಗಾಪುರಕ್ಕೆ ಬಂದು ಏಳೆಂಟು ವರ್ಷವಾದರೂ ಆ ಹುಚ್ಚಿನ ಸುದ್ದಿಯನ್ನು ಗಂಡ ದತ್ತಾತ್ರೇಯರನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ.

ಹೀಗೆ ಶುರುವಾಯಿತು ತಂಡ. ಊರು ಬಿಟ್ಟು ಹೋಗುವ ಅಮೆರಿಕನ್ನರ ಮಕ್ಕಳ ಹಳೆಯ ಹೆಲ್ಮೆಟ್ಟು, ಭುಜಕ್ಕೆ ಕಟ್ಟುವ ಪ್ಯಾಡು ಎಲ್ಲ ಒಟ್ಟುಗೂಡಿಸಿದರು. ತಂಡಕ್ಕೆ ಹೆಸರಿಡುವಾಗ ಹುಲಿ, ಸಿಂಹ ಎಂದೆಲ್ಲ ಮಾತು ಬಂತು. ಕ್ಯಾಂಪಸ್ಸಿನ ಚರಂಡಿಯಿಂದ ಚರಂಡಿಗೆ ಓಡಾಡುವ ಉಡಗಳನ್ನು ತೋರಿಸಿದವರು ಸ್ವರ್ಣಲತಾ. "ನಮ್ಮ ಕಡೆ ಬಿಡದ ಹಿಡಿತಕ್ಕೆ ಉಡದ ಪಟ್ಟು ಅಂತಾರೆ," ಎಂದು ವಿವರಿಸಿದರು. ಹುಡುಗರಿಗೆ ಹಿಡಿಸಿತು. ಉಡಕ್ಕೆ ಇಂಗ್ಲಿಷಿನಲ್ಲಿ ಮಾನಿಟರ್, ಹಾಗಾಗಿ ಸೆಲಾತ್ ಮಾನಿಟರ್ಸ್ ಎಂದಾಯಿತು.

ಸಿಂಗಾಪುರದಲ್ಲಿದ್ದ ಅಮೆರಿಕನ್ ಉದ್ಯೋಗಿಗಳು ತಮ್ಮತಮ್ಮಲ್ಲೇ ತಂಡ ಕಟ್ಟಿಕೊಂಡು ಒಂದು ಲೀಗ್ ಆಡುತ್ತಿದ್ದರು. ಅದರಲ್ಲಿ ಉಡಗಳಿಗೆ ಜಾಗ ಸಿಕ್ಕಿದ್ದು ತಮಾಷೆಗೆ. ಮೊದಲ ವರ್ಷ ಒಂದು ಪಂದ್ಯವೂ ಗೆಲ್ಲಲಿಲ್ಲ, ಒಂದರಲ್ಲಂತೂ ಐವತ್ತಾರು ಸೊನ್ನೆ. ತೈಲ ಕಂಪನಿಯ ಎಂಜಿನಿಯರುಗಳ ತಂಡವಾದ ಡ್ರಿಲ್ಲರ್ಸ್‌ನ ಕೋಚ್, ಆಟ ಮುಗಿದ ಮೇಲೆ ಕೈಕುಲುಕುತ್ತ, "ಹುಡುಗರ ಜೊತೆ ಅಮ್ಮನನ್ನೂ ಕಳಿಸಿದ್ದಾರಲ್ಲ, ಒಳ್ಳೇದೇ ಆಯ್ತು," ಎಂದು ನಕ್ಕ.

"ಮುಂದಿನ ವರ್ಷವೂ ಬರ್ತೀನಿ," ಎಂದರು ಸ್ವರ್ಣಲತಾ. ನಗಲಿಲ್ಲ.

ಎತ್ತರದಲ್ಲಿ, ತೂಕದಲ್ಲಿ ತನ್ನ ಹುಡುಗರು ಆ ಜನಕ್ಕೆ ಸಾಟಿಯಲ್ಲ ಎಂಬುದು ಅವರಿಗೆ ಗೊತ್ತಿತ್ತು. ಹಾಗಾಗಿ ಬಗ್ಗುವುದನ್ನು ಕಲಿಸಿದರು. ಎದುರಾಳಿಯ ಎದೆಗಿಂತ ಕೆಳಗೆ ಹೊಕ್ಕು ಮೇಲಕ್ಕೆ ತಳ್ಳಿದರೆ ಎಂಥ ಗೋಡೆಯೂ ಅಲುಗುತ್ತದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿ, ತಾವೇ ಬಗ್ಗಿ ನಿಂತು ತೋರಿಸುತ್ತಿದ್ದರು. 1994ರಲ್ಲಿ ಮೊದಲ ಗೆಲುವು ಬಂತು. 1995ರಲ್ಲಿ ಲೀಗಿನ ಎರಡನೇ ಸ್ಥಾನ. ನೋಡಲು ಬಂದು ನಗುತ್ತಿದ್ದವರು ನೋಡಲು ಮಾತ್ರ ಬರತೊಡಗಿದರು.

1996ರ ಮಾರ್ಚಿನಲ್ಲಿ ಅಭ್ಯಾಸದ ವೇಳೆ ಕ್ಯಾಪ್ಟನ್ ದೀಪೇಶ್ ಬಿದ್ದು ಕಾಲರ್ ಬೋನ್ ಮುರಿಯಿತು. ದೀಪೇಶನ ಅಪ್ಪ ತನಿಯಪ್ಪ ಆಂಗ್ ಮೋ ಕಿಯೋ ಬಡಾವಣೆಯ ಒಂದು ಕಾರ್ಖಾನೆಯಲ್ಲಿ ಮ್ಯಾನೇಜರ್. ಆಸ್ಪತ್ರೆಯ ಕಾರಿಡಾರಿನಲ್ಲಿ ಅವರು ಸ್ವರ್ಣಲತಾರನ್ನು ಅಡ್ಡಗಟ್ಟಿದರು.

"ನಾವೂ ನಿಮ್ಮ ಕಡೆಯವರೇ ಮೇಡಂ. ಆ ನಂಬಿಕೆ ಮೇಲೆ ಸುಮ್ನಿದ್ದೆ. ಓದೋಕೆ ಕಳಿಸಿದ ಮಗನನ್ನ ಗೂಳಿಕಾಳಗಕ್ಕೆ ಬಿಟ್ರಿ ನೀವು."

"ನೋವಾಗಿದೆ ತನಿಯಪ್ಪನವರೇ, ಅದು ನಂಗೂ ಕಾಣ್ತಿದೆ. ಆದ್ರೆ ಅವನಿಗೆ ಇಪ್ಪತ್ತಮೂರು. ಕಡ್ಡಾಯ ಮಿಲಿಟರಿ ಸರ್ವಿಸ್ ಮುಗಿಸಿ ಬಂದಿದ್ದಾನೆ. ಆಡ್ಬೇಕೋ ಬೇಡ್ವೋ ಅಂತ ಅವನನ್ನೇ ಕೇಳಿ."

"ಅವನನ್ನ ಕೇಳೋದು ಏನಿದೆ? ಹೆಂಗಸರಿಗೆ ಯಾಕ್ರೀ ಬೇಕು ಈ ಆಟ?"

ಸ್ವರ್ಣಲತಾ ಅವರನ್ನು ದಾಟಿ ವಾರ್ಡಿನೊಳಕ್ಕೆ ಹೋದರು. ತನಿಯಪ್ಪ ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟರು.

ಕ್ರೀಡಾ ಕಚೇರಿಯ ಮುಖ್ಯಸ್ಥರು ಕರೆಸಿದರು. ಟೀ ತರಿಸಿದರು. ತುಂಬ ಸೌಜನ್ಯದಿಂದಲೇ, ತಂಡವನ್ನು ಮುಚ್ಚಲಾಗಿದೆ ಎಂದರು.

"ಹೋದ ವರ್ಷ ರಗ್ಬಿ ಹುಡುಗನ ಕಾಲು ಮುರೀತು. ರಗ್ಬಿ ಮುಚ್ಚಿದ್ರಾ?"

"ರಗ್ಬಿಗೆ ಸರಿಯಾದ ಕೋಚ್ ಇದ್ದಾರೆ, ಡಾಕ್ಟರ್."

"ಇದಕ್ಕೆ?"

ಮುಖ್ಯಸ್ಥರು ಟೀ ಲೋಟ ತಿರುಗಿಸಿದರು. "ನಿಮ್ಮ ಉತ್ಸಾಹದ ಬಗ್ಗೆ ಗೌರವ ಇದೆ. ಆದರೆ ಇನ್ನು ಮೇಲೆ ನಮ್ಮ ಮೈದಾನ, ನಮ್ಮ ಹೆಸರು ಬಳಸುವ ಹಾಗಿಲ್ಲ."

"ಹೆಸರು ಇಟ್ಕೊಳ್ಳಿ," ಎಂದು ಎದ್ದರು ಸ್ವರ್ಣಲತಾ. "ಹುಡುಗರನ್ನ ನಾನು ಕರ್ಕೊಂಡು ಹೋಗ್ತೀನಿ."

ಮನೆಯಲ್ಲಿ ದತ್ತಾತ್ರೇಯ ಊಟ ಮಾಡುತ್ತಲೇ ಎಲ್ಲ ಕೇಳಿಸಿಕೊಂಡರು. ರಾಫೆಲ್ಸ್ ಪ್ಲೇಸಿನ ಬ್ಯಾಂಕಿನಲ್ಲಿ ದುಡಿಯುವ ಮೈಸೂರಿನ ಮನುಷ್ಯ, ಸುಮ್ಮನೆ ಗಾಬರಿಯಾಗುವವರಲ್ಲ.

"ಮುಂದಿನ ವರ್ಷ ನಿನ್ನ ಕಾಂಟ್ರ್ಯಾಕ್ಟ್ ರಿನ್ಯೂ ಆಗ್ಬೇಕು ಲತಾ. ಯೋಚನೆ ಮಾಡಿದ್ಯಾ?"

"ಮಾಡಿದೀನಿ ರೀ."

"ಏನಂತ?"

"ಭಾನುವಾರ ಬೆಳಿಗ್ಗೆ ಪ್ರ್ಯಾಕ್ಟೀಸ್. ಸಾಮಾನು ತುಂಬೋಕೆ ನಿಮ್ಮ ಕಾರ್ ಬೇಕು."

ದತ್ತಾತ್ರೇಯ ಮಜ್ಜಿಗೆ ಬಡಿಸಿಕೊಂಡರು. ಭಾನುವಾರ ಕಾರು ತಾವೇ ಓಡಿಸಿದರು.

ಜುರಾಂಗ್ ಈಸ್ಟಿನಲ್ಲಿ ಗಂಡಹೆಂಡತಿ ವಾಸವಿದ್ದ ಫ್ಲ್ಯಾಟುಗಳ ಬ್ಲಾಕಿನ ಹಿಂದಿದ್ದ ಹುಲ್ಲುಗಾವಲೇ ಮೈದಾನವಾಯಿತು. ಒಂದು ಮೂಲೆಯಲ್ಲಿ ಚೀನೀ ಮುದುಕರು ನಿಧಾನವಾಗಿ ಕೈ ಬೀಸುತ್ತ ತಾಯ್ ಚೀ ಮಾಡುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಉಡಗಳು ಡಿಕ್ಕಿ ಹೊಡೆಯುತ್ತಿದ್ದರು. ಮಳೆ ಬಂದರೆ ಬ್ಲಾಕಿನ ಅಡಿಯಲ್ಲಿ ಗೋಡೆಯಿಲ್ಲದೆ ತೆರೆದುಬಿಟ್ಟ ವಾಯ್ಡ್ ಡೆಕ್ಕಿನ ಕಂಬಗಳ ನಡುವೆ ನಿಂತು, ಯಾರು ಎಲ್ಲಿಗೆ ಓಡಬೇಕೆಂಬುದನ್ನು ನಡೆದು ನಡೆದು ಕಲಿಯುವುದು. ಜೆರ್ಸಿಯ ಮೇಲಿನ ವಿಶ್ವವಿದ್ಯಾಲಯದ ಲಾಂಛನವನ್ನು ಹುಡುಗರೇ ಬ್ಲೇಡಿನಿಂದ ಬಿಚ್ಚಿದರು. ಪದವಿ ಮುಗಿಸಿ ಕೆಲಸಕ್ಕೆ ಸೇರಿದ್ದ ವೀ ಕಿಯಾಂಗ್ ಕೂಡ ಬಂದು ಕೈಜೋಡಿಸಿದ. ತೊರೆದುಹೋದವರೂ ಇದ್ದರು. ವಿದ್ಯಾರ್ಥಿವೇತನ ತಪ್ಪೀತೆಂಬ ಭಯಕ್ಕೆ ಬಿಟ್ಟವರನ್ನು ಸ್ವರ್ಣಲತಾ ಒಂದು ಮಾತೂ ಅನ್ನಲಿಲ್ಲ. ಮೂಳೆ ಕೂಡಿದ ಮೇಲೆ, ಆಗಸ್ಟಿನಲ್ಲಿ, ದೀಪೇಶ್ ಹೆಲ್ಮೆಟ್ ಹಿಡಿದುಕೊಂಡು ಬಂದ.

"ಅಪ್ಪನಿಗೆ ಹೇಳಿ ಬಂದ್ಯಾ?"

"ಹೇಳ್ದೆ ಆಂಟಿ. ಬೇಡ ಅಂದ್ರು. ಆದ್ರೂ ಬಂದೆ."

"ಹೇಳಿ ಬಂದ್ಯಲ್ಲ, ಅಷ್ಟು ಸಾಕು. ಹೋಗು, ಸಾಲಲ್ಲಿ ನಿಲ್ಲು. ಇಲ್ಲಿ ಆಂಟಿ ಅಲ್ಲ, ಕೋಚ್."

ಆ ವರ್ಷದ ಕೊನೆಯಲ್ಲಿ ಉಡಗಳು ಫೈನಲ್ ತಲುಪಿದರು. ಎದುರಿಗೆ ಡ್ರಿಲ್ಲರ್ಸ್, ಅದೇ ಕೋಚ್. ಆಟ ಮುಗಿಯಲು ಕೆಲವೇ ಕ್ಷಣವಿದ್ದಾಗ ಉಡಗಳು ಮೂರು ಅಂಕ ಹಿಂದಿದ್ದರು. ಎದುರಾಳಿಯ ಕೊನೆಯ ಗೆರೆ ದಾಟಿದರೆ ಆರು ಅಂಕ, ಅದಕ್ಕೆ ಎರಡು ಗಜ ಬಾಕಿ, ಇದ್ದದ್ದು ನಾಲ್ಕನೇ ಅವಕಾಶ, ಕೊನೆಯದು. ಚೆಂಡನ್ನು ಕಂಬಗಳ ನಡುವೆ ಒದ್ದರೆ ಮೂರು ಅಂಕ ಸಿಕ್ಕು ಪಂದ್ಯ ಸಮ. ಲೀಗಿನ ನಿಯಮದಂತೆ ಕಪ್ ಇಬ್ಬರಿಗೂ.

"ಒದೆಯೋಣ ಮೇಡಂ," ಎಂದ ವೀ ಕಿಯಾಂಗ್. "ಅವರ ಜೊತೆ ಸಮ ಅಂದ್ರೆ ಅದೇ ದೊಡ್ಡದು ಲಾ."

ಸ್ವರ್ಣಲತಾ ಮೈದಾನದತ್ತ ನೋಡಿದರು. ಹುಡುಗರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಅರ್ಧ ಕಪ್ಪಿಗಾಗಿ ಇಷ್ಟು ವರ್ಷ ಬಗ್ಗೋದು ಕಲಿತ್ರಾ ಇವರು? ಒದೆಯೋದು ಬೇಡ. ನೇರ ನುಗ್ಗಲಿ."

ಚೆಂಡು ದೀಪೇಶನ ಕೈಗೆ ಬಂತು. ಮುಂದಿನ ಸಾಲು ನೆಲಕ್ಕೆ ತಾಗುವಷ್ಟು ಬಗ್ಗಿ, ಒಂದೇ ಉಸಿರಿಗೆ ಮೇಲೆದ್ದು ತಳ್ಳಿತು. ಎರಡೂ ತಂಡ ಗುಡ್ಡೆಯಾಗಿ ಬಿದ್ದವು. ರೆಫರಿ ಒಬ್ಬೊಬ್ಬರನ್ನೇ ಎಳೆದು ಬದಿಗಿಟ್ಟು ನೋಡಿದರೆ ಎಲ್ಲರ ಅಡಿಯಲ್ಲಿ ದೀಪೇಶ್, ಅವನ ಹೊಟ್ಟೆಯ ಅಡಿಯಲ್ಲಿ ಚೆಂಡು, ಚೆಂಡು ಗೆರೆಯ ಆಚೆ. ದೀಪೇಶನ ತಾಯಿ ಕಾಮಾಕ್ಷಿ ಬಂದಿದ್ದರು. ಎರಡೂ ಕೈಯಲ್ಲಿ ಮುಖ ಮುಚ್ಚಿ ಕೂತವರಿಗೆ ಪಕ್ಕದವರು ಗೆದ್ದ ಸುದ್ದಿ ಹೇಳಬೇಕಾಯಿತು. ತನಿಯಪ್ಪ ಬರಲಿಲ್ಲ. ಮುಂದೆಯೂ ಬರಲಿಲ್ಲ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಎದುರಾದರೆ ಬೇರೆ ಪಂಕ್ತಿಗೆ ಹೋಗಿ ಕೂರುತ್ತಿದ್ದರು.

ಗೆದ್ದ ವಾರವೇ ವಿಶ್ವವಿದ್ಯಾಲಯ ಅವರನ್ನು "ನಮ್ಮ ತಂಡ" ಎಂದಿತು. ಮಾನ್ಯತೆ ವಾಪಸು ಕೊಡುತ್ತೇವೆ, ಸರ್ಟಿಫಿಕೇಟ್ ಇರುವ ಕೋಚನ್ನು ನೇಮಿಸುತ್ತೇವೆ, ಡಾಕ್ಟರ್ ಸ್ವರ್ಣಲತಾ ಗೌರವ ಪೋಷಕರಾಗಿರಲಿ ಎಂದು ಮುಖ್ಯಸ್ಥರು ಹೇಳಿಕಳಿಸಿದರು. ಸ್ವರ್ಣಲತಾ ಅದನ್ನು ಹುಡುಗರ ಮುಂದಿಟ್ಟು, "ನೀವೇ ತೀರ್ಮಾನ ಮಾಡಿ, ನಾನು ಆಚೆ ಇರ್ತೀನಿ," ಎಂದು ಎದ್ದುಹೋದರು. ಕಾಫಿ ಅಂಗಡಿಯಲ್ಲಿ ಒಂದು ಲೋಟ ಮುಗಿಸುವಷ್ಟರಲ್ಲಿ ಹುಡುಗರು ಬಂದು, ಬೇಡ ಅಂತ ತೀರ್ಮಾನವಾಯಿತು ಎಂದರು.

ಮರುವರ್ಷ ಸ್ವರ್ಣಲತಾರ ಕಾಂಟ್ರ್ಯಾಕ್ಟ್ ನವೀಕರಣವಾಗಲಿಲ್ಲ. ಕಾರಣ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪಾಠ ಹೇಳುವುದು ತಪ್ಪಿದ್ದು ಮಾತ್ರ ಅವರನ್ನು ಬಹಳ ದಿನ ಚುಚ್ಚಿತು. ಸೇತುವೆ ಕಟ್ಟುವ ಕಂಪನಿಯೊಂದರಲ್ಲಿ ಕೆಲಸ ಹಿಡಿದರು. ಭಾನುವಾರಗಳು ಬದಲಾಗಲಿಲ್ಲ.

1998ರಲ್ಲಿ ಜಪಾನಿನ ಒಂದು ವಿಶ್ವವಿದ್ಯಾಲಯದ ತಂಡ ಪ್ರವಾಸ ಬರುತ್ತೇವೆ, ಸೆಲಾತ್ ಜೊತೆ ಆಡಬೇಕು ಎಂದಿತು. ಸೆಲಾತ್‌ನಲ್ಲಿ ಆಡಲು ತಂಡವೇ ಇರಲಿಲ್ಲ. ಮುಖ್ಯಸ್ಥರು ಸ್ವರ್ಣಲತಾರಿಗೆ ಫೋನ್ ಮಾಡಿದರು.

"ಒಂದು ದಿನದ ಮಟ್ಟಿಗೆ ನಿಮ್ಮ ಹುಡುಗರು ನಮ್ಮ ಜೆರ್ಸಿ ಹಾಕಿಕೊಂಡರೆ..."

"ಆಡ್ತೀವಿ," ಎಂದರು ಸ್ವರ್ಣಲತಾ. "ನಿಮ್ಮ ಮೈದಾನದಲ್ಲೇ ಆಡ್ತೀವಿ. ನಮ್ಮ ಜೆರ್ಸಿಯಲ್ಲಿ."

ಬೇರೆ ದಾರಿಯಿಲ್ಲದೆ ಮುಖ್ಯಸ್ಥರು ಒಪ್ಪಿದರು. ಉಡಗಳು ಇಪ್ಪತ್ತಕ್ಕೆ ಏಳು ಅಂಕ ಗಳಿಸಿ ಸೋತರು, ಆದರೆ ಎರಡನೆಯ ಅರ್ಧದಲ್ಲಿ ಜಪಾನಿನವರಿಗೆ ಒಂದಂಕವನ್ನೂ ಬಿಟ್ಟುಕೊಡಲಿಲ್ಲ. ಆಟ ಮುಗಿದ ಮೇಲೆ ಜಪಾನಿನ ಮುದುಕ ಕೋಚ್ ಬಂದು, ಮುಖ್ಯಸ್ಥರಿಗೆ ತಲೆಬಾಗಿ, ಈ ಹುಡುಗರಿಗೆ ಕಲಿಸಿದವರು ಯಾರು ಎಂದು ಕೇಳಿದ.

"ನಾನು," ಎಂದು ಸ್ವರ್ಣಲತಾ ಮುಂದೆ ಬಂದರು.

ಮುದುಕ ಇನ್ನೂ ಆಳವಾಗಿ ಬಾಗಿದ. ಸ್ವರ್ಣಲತಾ ಕೈಮುಗಿದು, ಹುಡುಗರ ಕಡೆ ತಿರುಗಿ, ಎಡಗಡೆಯ ಸಾಲು ಯಾಕೆ ಅಷ್ಟು ಬೇಗ ಎದ್ದು ನಿಲ್ಲುತ್ತಿತ್ತು ಎಂದು ಕೇಳತೊಡಗಿದರು.