ಬಾಯಿ ಮೇಲಾದ ಚೆಂಬು

ರಾತ್ರಿ ತೊಳೆದಿಟ್ಟ ಹಿತ್ತಾಳೆ ಚೆಂಬಿನ ತಳದಲ್ಲಿ ಒಂದು ಗುಟುಕು ನೀರು ನಿಂತಿರುತ್ತದಲ್ಲ, ಬೆಳಿಗ್ಗೆ ಅದನ್ನೆತ್ತಿ ಮೂಗಿನ ಹತ್ತಿರ ತಂದರೆ ಒಂದು ವಾಸನೆ ಬರುತ್ತದೆ. ಹುಣಸೆಹಣ್ಣು, ಒಲೆಯ ಬೂದಿ, ಹಸಿ ಲೋಹ, ಅದರಡಿಯಲ್ಲಿ ಎಲ್ಲೋ ಸ್ವಲ್ಪ ಪಾಚಿ. ಪಾತ್ರೆಗಳನ್ನು ಬೋರಲು ಹಾಕಿ ಒಣಗಿಸುವ ಮನೆಯವರು ನೀವಾದರೆ ಈ ವಾಸನೆ ನಿಮಗೆ ಗೊತ್ತಿರಲಾರದು. ನನಗೆ ಮಾತ್ರ ನನ್ನ ಇಡೀ ಬಾಲ್ಯ ಆ ಒಂದು ಗುಟುಕಿನಲ್ಲಿದೆ. ಈಗಲೂ ಹೊನ್ನಾಳಿಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಎದ್ದು ಮೊದಲು ಚೆಂಬನ್ನು ಮೂಸುತ್ತೇನೆ. ಆಮೇಲೆ ಫೋನು ತೆಗೆದು, ಪೋರ್ಚುಗಲ್ ದೇಶದ ಒಂದು ಕಡಲತೀರದಲ್ಲಿ ಇವತ್ತು ಅಲೆ ಎಷ್ಟು ಎತ್ತರ, ಗಾಳಿ ಯಾವ ಕಡೆಯಿಂದ, ನೀರು ಎಷ್ಟು ತಣ್ಣಗೆ ಎಂದು ಓದುತ್ತೇನೆ. ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಡುವ, ಮಂಗಳೂರಿನ ಸಮುದ್ರವನ್ನೂ ಕಣ್ಣಾರೆ ಕಾಣದ ಹೆಂಗಸಿಗೆ ಅಟ್ಲಾಂಟಿಕ್ ಸಾಗರದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ತಮ್ಮ ಪರಸ ಅಲ್ಲಿದ್ದಾನೆ. ಇದ್ದಾನೆ ಎಂದೇ ಬರೆಯುತ್ತೇನೆ, ತಿದ್ದಬೇಡಿ.

ಸಾಸ್ವೆಹಳ್ಳಿಯಿಂದ ಸ್ವಲ್ಪ ಆಚೆ, ತುಂಗಭದ್ರೆಯ ದಂಡೆಗೆ ಅಂಟಿಕೊಂಡಂತೆ ನಮ್ಮ ಮನೆ ಇತ್ತು. ಅಪ್ಪ ತೆಪ್ಪ ಹಾಕುತ್ತಿದ್ದ. ಬಿದಿರು ಹೆಣೆದು ಹೊರಗೆ ಡಾಂಬರು ಬಳಿದ, ದೊಡ್ಡ ಬುಟ್ಟಿಯಂಥ ಗುಂಡನೆಯ ತೆಪ್ಪ. ಅದರಲ್ಲಿ ಶಾಲೆಯ ಟೀಚರಮ್ಮ ದಾಟುತ್ತಿದ್ದರು, ಸೈಕಲ್ಲು ದಾಟುತ್ತಿತ್ತು, ಆಡು ದಾಟುತ್ತಿತ್ತು, ಗಂಡನ ಮನೆಗೆ ಹೊರಟ ಹೊಸ ಮದುವಣಗಿತ್ತಿ ಮೂಗು ಒರೆಸಿಕೊಳ್ಳುತ್ತಾ ಅದೇ ಆಡಿನ ಪಕ್ಕದಲ್ಲಿ ಕೂತು ದಾಟುತ್ತಿದ್ದಳು. ಬಿಸಿಲಿಗೆ ಕಾದ ಡಾಂಬರಿನ ವಾಸನೆ ಅಪ್ಪನ ಅಂಗೈಗಳಿಗೆ ಹತ್ತಿಕೊಂಡಿರುತ್ತಿತ್ತು, ಅವನು ತುತ್ತು ಮಾಡಿ ತಿನ್ನಿಸಿದರೆ ಮುದ್ದೆಯೂ ಹಾಗೇ ಘಮಗುಡುತ್ತಿತ್ತು. ಪರಸನಿಗೆ ಅದೇ ಇಷ್ಟ. ನಾನು ಮುಖ ಸಿಂಡರಿಸಿಕೊಂಡರೆ ನನ್ನ ಪಾಲಿನದನ್ನೂ ಅವನೇ ನುಂಗುತ್ತಿದ್ದ.

ನಮ್ಮ ಮನೆಯ ಕಟ್ಟಳೆ ಒಂದಿತ್ತು. ಮನೆಯವರು ಯಾರಾದರೂ ನೀರಿನ ಮೇಲಿದ್ದಾಗ ಮನೆಯೊಳಗಿನ ಯಾವ ಪಾತ್ರೆಯನ್ನೂ ಬೋರಲು ಹಾಕುವಂತಿಲ್ಲ. ಅಪ್ಪ ಸಂಜೆ ಕೊನೆಯ ಸಲ ದಾಟಿ ಬಂದು, ತೆಪ್ಪವನ್ನು ತಲೆಯ ಮೇಲೆ ಹೊತ್ತು ದಂಡೆಗೆ ತಂದು ಬೋರಲು ಮಲಗಿಸಿ, ಕಾಲು ತೊಳೆದು ಒಳಗೆ ಬರುತ್ತಿದ್ದ. ಚೆಂಬಿನಲ್ಲಿದ್ದ ನೀರು ಕುಡಿದು, ತನ್ನ ಕೈಯಾರೆ ಆ ಚೆಂಬನ್ನು ನೆಲಕ್ಕೆ ಬೋರಲು ಇಟ್ಟು "ಬಂದೆ" ಎನ್ನುತ್ತಿದ್ದ. ಅಲ್ಲಿಗೆ ಆ ದಿನ ಮುಗಿಯಿತು ಎಂದು ಲೆಕ್ಕ. ಅವ್ವ ಒಲೆಯ ಮುಂದಿನಿಂದ ತಿರುಗಿಯೂ ನೋಡುತ್ತಿರಲಿಲ್ಲ, ಆದರೆ ಹಿತ್ತಾಳೆ ನೆಲಕ್ಕೆ ತಾಗಿದ ಆ ಸಣ್ಣ ಸದ್ದಿಗೆ ಅವಳ ಹೆಗಲು ಇಳಿಯುವುದು ನಮಗೆ ಕಾಣುತ್ತಿತ್ತು. ಮಳೆಗಾಲದಲ್ಲಿ ಅಪ್ಪ ಹೊತ್ತು ಮೀರಿದರೂ ಬಾರದಿದ್ದಾಗ ಬಾಯಿ ಮೇಲು ಮಾಡಿಕೊಂಡು ಕೂತ ಆ ಪಾತ್ರೆಗಳನ್ನು ನೋಡಲು ನನಗೆ ಹೆದರಿಕೆಯಾಗುತ್ತಿತ್ತು. ಎಲ್ಲವೂ ಏನನ್ನೋ ಕೇಳುತ್ತಾ ಕೂತಂತೆ ಇರುತ್ತಿದ್ದವು.

ಈ ಕಟ್ಟಳೆಗೆ ಇನ್ನೊಂದು ತುದಿಯೂ ಇತ್ತು. ನಮ್ಮ ಕೇರಿಯ ಗೌರಕ್ಕನ ಗಂಡ ಒಂದು ಮಳೆಗಾಲದಲ್ಲಿ ಹೊಳೆಗೆ ಹೋದವನು ತಿರುಗಿ ಬರಲಿಲ್ಲ, ಹೆಣವೂ ಸಿಗಲಿಲ್ಲ. ಹೊಳೆ ಇಳಿದ ಮೇಲೆ ಹಿರಿಯ ಹೆಂಗಸರು ಅವನು ನೀರು ಕುಡಿಯುತ್ತಿದ್ದ ಚೆಂಬನ್ನು ದಂಡೆಗೆ ಒಯ್ದು, ಗೌರಕ್ಕನ ಕೈಗೆ ಕೊಟ್ಟು, ನೀರಿನ ಮೇಲೆ ಬೋರಲು ಇಡಿಸಿದರು. "ಬರಾಕೆ ಆಗಲಿಲ್ಲ ಅವ್ನಿಗೆ, ನಾವೇ ಬೋರಲು ಹಾಕೀವಿ ತಾಯಿ, ಇಟ್ಕೊ" ಎಂದು ಒಬ್ಬ ಮುದುಕಿ ಹೊಳೆಗೆ ಹೇಳಿದಳು. ಗೌರಕ್ಕ ಚೆಂಬನ್ನು ಅದುಮಿ ಓರೆ ಮಾಡಿದಳು. ಅದು ಗುಳುಗುಳು ಎಂದು ಉಸಿರು ಬಿಟ್ಟು ಮುಳುಗಿತು. ಆಮೇಲಷ್ಟೇ ಗೌರಕ್ಕ ಅತ್ತದ್ದು. ಪರಸ ನನ್ನ ಕೈ ಹಿಡಿದು ನಿಂತಿದ್ದ, ಅವನ ಕೈ ಒದ್ದೆಯಾಗಿತ್ತು.

ಹೊಳೆ ಓದುವುದನ್ನು ಅಪ್ಪ ಅವನಿಗೆ ಕಲಿಸಿದ, ನನಗಲ್ಲ. ತೆಪ್ಪ ನಡೆಸುವ ಹುಟ್ಟನ್ನು ಹೆಣ್ಣುಮಕ್ಕಳ ಕೈಗೆ ಕೊಡುತ್ತಿರಲಿಲ್ಲ. ಆದರೂ ತೆಪ್ಪದ ಅಂಚಿಗೆ ಕೂತು ಕೇಳಿಸಿಕೊಂಡದ್ದೆಲ್ಲ ಬಾಯಿಪಾಠವಾಗಿದೆ. "ಇಲ್ಲಿ ಬಿಸಿಲೈತೆ ಅಂತ ನಂಬಬ್ಯಾಡ, ಮ್ಯಾಲೆ ಮಲೆನಾಡಾಗೆ ಏನೈತೆ ಕೇಳು. ಮಳೆ ಅಲ್ಲಿ, ನೀರು ಇಲ್ಲಿ." ಮತ್ತೆ ಎಲ್ಲಕ್ಕಿಂತ ಹೆಚ್ಚು ಸಲ ಹೇಳಿದ್ದು ಇದು: "ನೊರೆ ಎದ್ದಲ್ಲಿ ಅಡೀಗೆ ಕಲ್ಲೈತೆ ಅಂತ ತಿಳ್ಕೊ. ನುಣ್ಣಗೆ, ಕರ್ರಗೆ ಹರಿಯೋ ಕಡೆ ಹಾಕು ತೆಪ್ಪನ. ಅದೇ ದಾರಿ." ಪರಸ ಈ ಮಾತನ್ನು ನುಂಗಿಬಿಟ್ಟಿದ್ದ, ಡಾಂಬರಿನ ವಾಸನೆಯ ಆ ತುತ್ತಿನ ಹಾಗೆಯೇ. ಹೊಳೆಯ ನಡುವೆ ಕಲ್ಲುಬಂಡೆಗಳ ಸಾಲಿನ ಹತ್ತಿರ ಬಂದಾಗ ಕಣ್ಣು ಮುಚ್ಚಿಕೊಂಡೂ ನುಣ್ಣನೆಯ ನೀರನ್ನು ಹುಡುಕುತ್ತೇನೆ ಎಂದು ನನ್ನ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದ. ನಾನು "ಕಣ್ಣು ಮುಚ್ಚಿದ್ರೆ ನುಣ್ಣಗಿರೋದು ಹೆಂಗೆ ಕಾಣ್ತೈತೋ ಮಂಗ್ಯಾ" ಎಂದರೆ ಅವನಿಗೆ ಸಿಟ್ಟು ಬಂದು ನೀರು ಎರಚುತ್ತಿದ್ದ.

ಸೇತುವೆ ಬಂತು, ತೆಪ್ಪ ಹೋಯಿತು. ಅಪ್ಪ ಇಲ್ಲವಾದ. ದಂಡೆಯ ಮನೆ ಒಂದು ನೆರೆಯಲ್ಲಿ ಅರ್ಧ ಕುಸಿಯಿತು, ಉಳಿದರ್ಧವನ್ನು ನಾವೇ ಬಿಟ್ಟು ಬಂದೆವು. ಅವ್ವ ಹಿತ್ತಾಳೆ ಪಾತ್ರೆಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹೊನ್ನಾಳಿಯ ಬಸ್ಸು ಹತ್ತಿದಳು. ಪರಸ ಸಂತೇಬೆನ್ನೂರಿನಲ್ಲಿ ಮೆಕ್ಕೆಜೋಳದ ಲೋಡು ಹೊತ್ತ, ಚನ್ನಗಿರಿಯಲ್ಲಿ ಆಟೋ ಓಡಿಸಿದ. ಕೊನೆಗೆ ಜಗಳೂರಿನ ಓಬಳೇಶ ಎಂಬ ಗೆಳೆಯನ ಜೊತೆ ಪೋರ್ಚುಗಲ್ಲಿಗೆ ಹೊರಟ, ಕಡಲ ಪಕ್ಕದ ಪ್ಲಾಸ್ಟಿಕ್ ಹೊದಿಕೆಯ ತೋಟಗಳಲ್ಲಿ ಹಣ್ಣು ಬಿಡಿಸುವ ಕೆಲಸಕ್ಕೆ. ವಿಮಾನ ಸಮುದ್ರದ ಮೇಲೆ ಹೋಗುತ್ತದೆಂದು ಯಾರೋ ಹೇಳಿದ್ದೇ ಅವ್ವ ಚೆಂಬನ್ನು ಬಾಯಿ ಮೇಲೆ ಮಾಡಿಟ್ಟಳು. ಅಲ್ಲಿಗೆ ತಲುಪಿ ಫೋನು ಮಾಡಿದವನು ನಕ್ಕು ನಕ್ಕು ಸುಸ್ತಾದ. "ಆಕಾಶದಾಗೆ ಹೋಗೋನಿಗೆ ಹೊಳೆ ಎಲ್ಲಿಂದ ಬಂತವ್ವ? ಬಂದೆ ನೋಡು. ಬೋರಲು ಹಾಕು ಇನ್ನು." ಅವ್ವ ಫೋನಿನ ಮುಂದೆಯೇ ಚೆಂಬನ್ನು ಬೋರಲು ಹಾಕಿದಳು. ಆ ಸದ್ದು ಅವನಿಗೆ ಕೇಳಿಸಿತಂತೆ.

ಆ ವರ್ಷದ ಸಂಕ್ರಾಂತಿಗೆ ನಾವು ಎಂದಿನಂತೆ ಹೊಳೆಗೆ ಹೋಗಿ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಮಿಂದು, ಸಜ್ಜೆ ರೊಟ್ಟಿ ತಿಂದು ಬಂದೆವು. ಅವ್ವ ಪಾತ್ರೆ ತೊಳೆದು ಸಾಲಾಗಿ ಬೋರಲು ಹಾಕಿ ಬಿಸಿಲಿಗಿಟ್ಟಳು. ಮನೆಯವರು ಯಾರೂ ನೀರಿನ ಮೇಲಿಲ್ಲ ಎಂದು ನಮ್ಮ ತಿಳಿವಳಿಕೆ. ಅದೇ ಹೊತ್ತಿಗೆ ಅಲ್ಲಿ ನನ್ನ ತಮ್ಮನೂ ಸಂಕ್ರಾಂತಿಯ ಜಳಕಕ್ಕೆಂದು ಕಡಲಿಗೆ ಇಳಿದಿದ್ದ. ಜಳಕಕ್ಕೆ ಹೋಗುವಾಗ ಮನೆಗೆ ಹೇಳಿ ಹೋಗಬೇಕೆಂದು ಯಾರಿಗೆ ತಾನೇ ಹೊಳೆಯುತ್ತದೆ?

ಓಬಳೇಶ ಫೋನಿನಲ್ಲಿ ಅಳುತ್ತಾ ಹೇಳಿದ್ದನ್ನು ನಾನು ಆಮೇಲೆ ಎಷ್ಟೋ ಸಲ ಕೇಳಿ ಕೇಳಿ ಹೇಳಿಸಿಕೊಂಡಿದ್ದೇನೆ. ಹಿಂದಿನ ದಿನಗಳಲ್ಲಿ ಬಿರುಗಾಳಿ ಇತ್ತಂತೆ, ಆ ದಿನ ತೊಳೆದಂಥ ಬಿಸಿಲು, ಗಾಳಿಯೇ ಇಲ್ಲ. ಜಗಳೂರಿನ ಒಣನೆಲದವನು ಓಬಳೇಶ, ಕೆರೆ ತುಂಬಿದ್ದನ್ನೇ ಅಪರೂಪಕ್ಕೆ ಕಂಡವನು, ಮರಳಿನ ಮೇಲೆಯೇ ಕೂತನಂತೆ. ಪರಸ ಬಹಳ ಹೊತ್ತು ನಿಂತು ನೀರನ್ನು ಓದಿದ. "ನೋಡು ಓಬಳೇಶಿ, ಆ ಕಡೆ ಈ ಕಡೆ ನೊರೆ ಐತೆ, ಅಡೀಗೆ ಕಲ್ಲಿರ್ತಾವೆ. ನಡುವೆ ನುಣ್ಣಗೈತಲ್ಲ, ಅದೇ ದಾರಿ" ಎಂದ. "ಹಲಗೆ ಮ್ಯಾಲೆ ನಿಂತು ಅಲೆ ಸವಾರಿ ಮಾಡೋ ಹುಡುಗ್ರೂ ಅಲ್ಲಿಂದಾನೇ ಒಳಗೆ ಹೋದ್ರಕ್ಕ. ಅದನ್ನ ನೋಡಿ ಇನ್ನೂ ಧೈರ್ಯ ಬಂತು ಅವನಿಗೆ" ಎಂದು ಓಬಳೇಶ ಹೇಳಿದ. ಮೈಗೆ ಹಚ್ಚಿದ ಎಳ್ಳು ತೊಳೆದುಕೊಳ್ಳುವಷ್ಟು ಹೊತ್ತೂ ಆಗಲಿಲ್ಲವಂತೆ. ಪರಸ ನಿಂತ ಹಾಗೆಯೇ ಹಿಂದೆ ಹಿಂದೆ ಹೋದ, ಮೊದಲು ಕೈ ಬೀಸಿ ನಗುತ್ತಿದ್ದ, ಆಮೇಲೆ ಬರೀ ಕೈ ಬೀಸುತ್ತಿದ್ದ. ಹಲಗೆಯ ಹುಡುಗರು ಹುಡುಕಿದರು, ದೋಣಿ ಬಂತು, ಮೇಲಿನಿಂದ ಹೆಲಿಕಾಪ್ಟರ್ ಬಂತು. ಅವನು ಸಿಗಲಿಲ್ಲ.

ಈಗ ನನಗೆ ಆ ಕಡಲು ಓದಲು ಬರುತ್ತದೆ. ಯಾರಿಗೂ ಬೇಡವಾದ ವಿದ್ಯೆ. ಅಲ್ಲಿ ಅಡಿಯಲ್ಲಿ ಕಲ್ಲಿಲ್ಲ, ಮರಳಿನ ದಿಬ್ಬಗಳಿವೆ. ಅಲೆ ಮುರಿದು ನೊರೆಯಾಗುವುದು ದಿಬ್ಬದ ಮೇಲೆ, ಅಲ್ಲಿ ನೀರು ಸೊಂಟದ ಮಟ್ಟ. ದಡಕ್ಕೆ ಬಂದ ನೀರೆಲ್ಲ ತಿರುಗಿ ಕಡಲಿಗೆ ನುಗ್ಗುವುದು ಎರಡು ದಿಬ್ಬಗಳ ನಡುವಿನ ಆಳದಲ್ಲಿ. ಅಲ್ಲಿ ಅಲೆ ಮುರಿಯುವುದಿಲ್ಲ, ಆದ್ದರಿಂದ ನೀರು ನುಣ್ಣಗೆ, ಕರ್ರಗೆ ಕಾಣುತ್ತದೆ. ಬೇರೆ ಯಾರ ಮಗನಾಗಿದ್ದರೂ ಹೆದರಿ ದಡದಲ್ಲಿ ಕಾಲು ನೆನೆಸಿ ಬರುತ್ತಿದ್ದ. ಕಡಲಿನಲ್ಲಿ ನುಣ್ಣನೆಯ ನೀರನ್ನೇ ಹುಡುಕಿ ಹೋದವನು ನಮ್ಮಪ್ಪನ ಮಗ. ಅಪ್ಪನ ಆ ಮಾತು ಹೊಳೆಯಲ್ಲಿ ಒಂದು ಸಲವೂ ಸುಳ್ಳಾಗಿರಲಿಲ್ಲ. ಮಳೆ ಅಲ್ಲಿ, ನೀರು ಇಲ್ಲಿ ಎಂಬ ಅವನ ಮತ್ತೊಂದು ಮಾತು ಕಡಲಲ್ಲೂ ನಿಜವಾಗಿತ್ತು, ಎಲ್ಲೋ ದೂರದ ಬಿರುಗಾಳಿ ಎಬ್ಬಿಸಿದ ಅಲೆ ಬಿಸಿಲಿನ ದಿನ ದಡಕ್ಕೆ ಬರುತ್ತದೆ. ಆ ಮಾತನ್ನು ಪರಸ ನೆನೆಯಲಿಲ್ಲ, ನುಣ್ಣನೆಯ ನೀರಿನ ಮಾತನ್ನು ನೆನೆದ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಫೋನಿನಲ್ಲಿ ಆ ಪುಟವನ್ನು ಕನ್ನಡಕ್ಕೆ ತಿರುಗಿಸಿಕೊಂಡು ಓದುತ್ತೇನೆ. ಅಲೆ ಆರು ಅಡಿ. ಅಲೆಗಳ ಅಂತರ ಹದಿನಾಲ್ಕು ಸೆಕೆಂಡು. ಗಾಳಿ ದಡದಿಂದ ಕಡಲಿಗೆ. ಪರಿಸ್ಥಿತಿ ಉತ್ತಮ, ಪಕ್ಕದಲ್ಲಿ ಒಂದು ಹಸಿರು ಪಟ್ಟಿ. ಯಾರಿಗೆ ಉತ್ತಮ ಎಂದು ಬೈಯುತ್ತೇನೆ. ಹಲಗೆಯ ಹುಡುಗರಿಗೆ ಎಂದು ಗೊತ್ತಿದ್ದೂ ಬೈಯುತ್ತೇನೆ. ಆ ಪುಟ ನಾಳೆ, ನಾಡಿದ್ದರ ಅಲೆಗಳನ್ನು ಹೇಳುತ್ತದೆ, ಕಳೆದ ದಿನಗಳದ್ದನ್ನು ಹೇಳುವುದಿಲ್ಲ. ಆ ಸಂಕ್ರಾಂತಿಯ ದಿನ ಅದು ಏನೆಂದು ಬರೆದಿತ್ತೋ ನನಗೆ ಗೊತ್ತಿಲ್ಲ. ಆದರೂ ಗಾಳಿ ಕಡಲಿನಿಂದ ದಡಕ್ಕೆ ಬೀಸುವ ದಿನ ನನ್ನೊಳಗೆ ಒಂದು ಹುಚ್ಚು ಆಸೆ ಏಳುತ್ತದೆ, ಇವತ್ತು ಏನಾದರೂ ತೇಲಿ ಬರಬಹುದು ಎಂದು. ಅವನ ಅಂಗಿಯ ಒಂದು ಚೂರಾದರೂ ಸಾಕು ಎಂದು.

ಅವ್ವ ಆ ಸುದ್ದಿ ಕೇಳಿದ ಗಳಿಗೆಯಲ್ಲಿ ಅಳಲಿಲ್ಲ. ಹಿತ್ತಲಿಗೆ ಓಡಿ, ಬಿಸಿಲಿಗೆ ಬೋರಲು ಬಿದ್ದಿದ್ದ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಬಾಯಿ ಮೇಲೆ ಮಾಡತೊಡಗಿದಳು. "ಬೋರಲು ಹಾಕಿಬಿಟ್ಟಿದ್ದೆನಲ್ಲೇ" ಎನ್ನುತ್ತಿದ್ದಳು, ಅಷ್ಟೇ. ಅವತ್ತಿನಿಂದ ಅವಳ ಅಡುಗೆಮನೆಯಲ್ಲಿ ಒಂದು ಲೋಟವೂ ಬೋರಲಾಗಲಿಲ್ಲ. ನೆಂಟರು ಪರಸನ ದಿನಕರ್ಮದ ಮಾತೆತ್ತಿದರೆ "ಅವನೇ ಬಂದು ಚೆಂಬು ಬೋರಲು ಹಾಕ್ತಾನೆ" ಎಂದು ಎದ್ದು ಹೋಗುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವ್ವನೂ ತೀರಿಕೊಂಡಳು. ಕಾರ್ಯಕ್ಕೆಂದು ನ್ಯಾಮತಿಯಿಂದ ಬಂದ ದೊಡ್ಡವ್ವ ಪಾತ್ರೆ ತೊಳೆದು ಸುಮ್ಮನೆ ರೂಢಿಯಂತೆ ಬೋರಲು ಹಾಕುತ್ತಿದ್ದರೆ ನಾನು ಊರು ಒಂದಾಗುವಂತೆ ಕಿರುಚಿದೆನಂತೆ. ದೊಡ್ಡವ್ವ ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ತಲೆ ಸವರಿ ಹೇಳಿದಳು, "ನಿಮ್ಮವ್ವಗೆ ಆಗಲಿಲ್ಲ. ನೀನಾದ್ರೂ ಅವನ ಚೆಂಬು ಹೊಳೀಗೆ ಕೊಡು ಮಗ. ಇಲ್ಲಾಂದ್ರೆ ಅವ ಅಲ್ಲೇ ನೀರಿನ ಮ್ಯಾಲೇ ಇರ್ತಾನೆ. ಅವನಿಗೂ ಸಾಕಾಗೈತೆ."

ಅವನಿಗೂ ಸಾಕಾಗಿರಬಹುದು ಎಂಬ ಆ ಮಾತು ನನ್ನನ್ನು ತಿನ್ನುತ್ತಲೇ ಇತ್ತು. ಮೊನ್ನೆ ಬೆಳಿಗ್ಗೆ ಚೆಂಬನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಳೆಗೆ ಹೋದೆ. ನಮ್ಮ ಹೊಳೆ ಸೇರುವುದು ಮೂಡಣ ಕಡಲನ್ನು, ಅವನಿರುವುದು ಪಡುವಣದಲ್ಲಿ, ಅದೂ ಎಷ್ಟೋ ದೇಶಗಳಾಚೆಯ ಬೇರೊಂದು ಕಡಲಲ್ಲಿ. ನೀರು ನೀರಿಗೆ ಹೇಳೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮೆಟ್ಟಿಲಿಳಿದು, ಮೊಣಕಾಲು ನೀರಿನಲ್ಲಿ ನಿಂತು, ಚೆಂಬನ್ನು ಬೋರಲು ಮಾಡಿ ಹೊಳೆಯ ಮೇಲಿಟ್ಟೆ. ಹೇಳಬೇಕಾದ ಮಾತೂ ನೆನಪಿತ್ತು. "ಬರಾಕೆ ಆಗಲಿಲ್ಲ ಅವ್ನಿಗೆ" ಎಂದೆ. ಅಂಗೈಯಿಂದ ಅದುಮಿದೆ. ಚೆಂಬು ಒಳಗೆ ಹೋಗಲಿಲ್ಲ. ಅದರೊಳಗೆ ಸಿಕ್ಕಿಕೊಂಡ ಗಾಳಿ ನನ್ನ ಅಂಗೈಯನ್ನು ಮೇಲಕ್ಕೆ ತಳ್ಳಿತು. ಇನ್ನೂ ಅದುಮಿದೆ, ಅದು ಇನ್ನೂ ತಳ್ಳಿತು. ಕೆಳಗಿನಿಂದ ಯಾರೋ ತಲೆ ಎತ್ತಲು ನೋಡುತ್ತಿದ್ದಾರೆ, ನಾನು ಅದುಮಿ ಹಿಡಿದಿದ್ದೇನೆ. ಸ್ವಲ್ಪ ಓರೆ ಮಾಡಿದ್ದರೆ ಸಾಕಿತ್ತು, ಆ ಉಸಿರು ಹೊರಟುಹೋಗುತ್ತಿತ್ತು. ನನ್ನ ಕೈಯಿಂದ ಅದು ಆಗಲಿಲ್ಲ.

ಚೆಂಬನ್ನು ಎತ್ತಿ, ಅದರಲ್ಲಿ ಒಂದಿಷ್ಟು ಹೊಳೆಯ ನೀರು ತುಂಬಿಕೊಂಡು, ಎದೆಗವಚಿಕೊಂಡು ಮೆಟ್ಟಿಲ ಮೇಲೆ ಕೂತು ಅತ್ತೆ. ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು. ಮನೆಗೆ ಬಂದು ಅದನ್ನು ಅವ್ವ ಇಡುತ್ತಿದ್ದ ಜಾಗದಲ್ಲೇ ಇಟ್ಟೆ. ಇವತ್ತು ಬೆಳಿಗ್ಗೆ ಆ ಪುಟದಲ್ಲಿ ಅಲೆ ಒಂದು ಅಡಿಯೂ ಇಲ್ಲ, ಗಾಳಿ ಇಲ್ಲ, ಕಡಲು ಪೂರ್ತಿ ನುಣ್ಣಗಿದೆ ಎಂದಿತ್ತು. ಫೋನನ್ನು ಕೆಳಗಿಟ್ಟು ಚೆಂಬನ್ನು ಮೂಸಿದೆ. ತಳದಲ್ಲಿ ಹೊಳೆಯ ನೀರು ಒಂದು ಗುಟುಕು ಉಳಿದಿತ್ತು. ಅದನ್ನು ಚೆಲ್ಲದೆ, ಚೆಂಬನ್ನು ಮೊದಲಿನಂತೆ ಬಾಯಿ ಮೇಲಾಗಿಯೇ ಇಟ್ಟು ಕೆಲಸಕ್ಕೆ ಹೊರಟೆ.