ಅವನು ಸೈಕಲ್ಲಿನಿಂದ ಇಳಿದದ್ದು ಯಾಕೆ?

೧೯೪೯ರಲ್ಲಿ ನಾನು ಗದಗ-ಬೆಟಗೇರಿಯಲ್ಲಿ ರಸ್ತೆಗಳ ಓವರ್‌ಸಿಯರ್ ಆಗಿದ್ದೆ. ಓವರ್‌ಸಿಯರ್ ಎಂದರೆ ಎಂಜಿನಿಯರರಿಗಿಂತ ಕೆಳಗಿನವ, ಮೇಸ್ತ್ರಿಗಿಂತ ಮೇಲಿನವ. ಎಲ್ಲಿ ಎಷ್ಟು ಖಡಿ ಬಿತ್ತು, ಯಾವ ಮೋರಿಯ ಕಲ್ಲು ಕಿತ್ತಿತು ಎಂದು ಅಳೆದು ಬರೆಯುವುದು ನನ್ನ ಕೆಲಸ. ಊರ ಮಿತಿಯೊಳಗೆ ಮೋಟಾರು ಅಪಘಾತವಾದರೆ ಸ್ಥಳದ ನಕಾಶೆ ತೆಗೆಯಲು ಪೊಲೀಸರು ನನ್ನನ್ನೇ ಕರೆಯುತ್ತಿದ್ದರು. ಟೇಪು ಹಿಡಿದು ಗಾಲಿಯ ಗುರುತು, ಬಿದ್ದ ಸಾಮಾನು, ರಸ್ತೆಯ ಅಗಲ ಎಲ್ಲವನ್ನೂ ಅಳೆದು ಕಾಗದದ ಮೇಲೆ ಇಳಿಸಬೇಕು. ಸ್ಥಳದ ಸಾಕ್ಷಿಗಳಾದ ಪಂಚರ ಸಹಿಯೊಂದಿಗೆ ಅದು ಕೋರ್ಟಿಗೆ ಹೋಗುತ್ತಿತ್ತು.

ಆಗ ಊರಿನಲ್ಲಿ ಮೋಟಾರುಗಳು ಕಡಿಮೆ. ಹೆಚ್ಚಿನವು ಹತ್ತಿ ವ್ಯಾಪಾರಿಗಳವು. ದೂರದಿಂದ ಹಾರ್ನ್ ಕೇಳಿದರೆ ಯಾರ ಗಾಡಿ ಎಂದು ಜನ ಹೇಳುತ್ತಿದ್ದರು. ಸೈಕಲ್ಲುಗಳು ಮಾತ್ರ ಬಹಳ. ಬೆಟಗೇರಿಯ ನೇಕಾರರು, ಹತ್ತಿ ಪ್ರೆಸ್ಸಿನ ಕೂಲಿಗಳು, ಕಾರಕೂನರು, ಮಾಸ್ತರರು, ಎಲ್ಲರಿಗೂ ಅದೇ ವಾಹನ. ನಾನೂ ಸೈಕಲ್ಲಿನವನೇ.

ಸ್ವರಾಜ್ಯ ಬಂದ ಮೇಲೆ ಈ ಎರಡು ಗುಂಪುಗಳ ನಡುವೆ ಮುನಿಸು ಬೆಳೆದಿತ್ತು. ರಸ್ತೆ ಈಗ ಎಲ್ಲರದು, ಹಾರ್ನ್ ಹೊಡೆದ ಕೂಡಲೇ ಸರಿಯುವುದೇಕೆ ಎಂಬ ಮಾತು ಸೈಕಲ್ಲಿನವರಲ್ಲಿ ಹುಟ್ಟಿತ್ತು. ಮಾರ್ಕೆಟ್ಟಿನ ಎದುರಿನ ಚಹಾದಂಗಡಿಯಲ್ಲಿ ಡ್ರೈವರರು ಒಂದು ಬಾಕಿನ ಮೇಲೆ, ಸೈಕಲ್ಲಿನವರು ಇನ್ನೊಂದು ಬಾಕಿನ ಮೇಲೆ ಕೂತು ಒಬ್ಬರನ್ನೊಬ್ಬರು ಕೆಣಕುತ್ತಿದ್ದರು.

“ಸೈಕಲ್ಲಿಗೆ ಎರಡು ಗಾಲಿ, ಹೊಡ್ಯಾಂವಗ ಅರ್ಧಾ ಬುದ್ಧಿ” ಎಂದು ಒಬ್ಬ ಡ್ರೈವರ್ ಅಂದರೆ, “ನಿಮ್ಮ ಸಾವಕಾರ ಹತ್ತಿ ಅಂಡಿಗಿ ಕಟ್ಟಿ ಉಳಿದದ್ದು ನಿಮ್ಮ ಕಿವಿಯಾಗ ತುರುಕ್ಯಾನೇನಲೇ? ಗಂಟಿ ಹೊಡೆದ್ರ ಕೇಳಂಗಿಲ್ಲಲ್ಲ!” ಎಂದು ಈ ಕಡೆಯಿಂದ ಉತ್ತರ ಬರುತ್ತಿತ್ತು. ನಾನು ಕೂತು ನಗುತ್ತಿದ್ದೆ. ಯಾವ ಬಾಕಿನ ಮೇಲೆ ಕೂತು ನಗುತ್ತಿದ್ದೆ ಎಂಬುದನ್ನು ಆಗ ಗಮನಿಸಿರಲಿಲ್ಲ.

ಆ ವರ್ಷ ಬೇಸಿಗೆಯ ಒಂದು ಬೆಳಗ್ಗೆ ಹತ್ತರ ಸುಮಾರಿಗೆ ಮುಳಗುಂದ ನಾಕಾದ ಈಚೆ ಇರುವ ಸಣ್ಣ ಮೋರಿಯ ಮೇಲೆ ಅಪಘಾತವಾಯಿತು. ನಾನು ಅಲ್ಲಿಗೆ ಮುಟ್ಟಿದಾಗ ಅರ್ಧ ಗಂಟೆ ಕಳೆದಿತ್ತು. ಗಾಯಾಳುವನ್ನು ಆಗಲೇ ದವಾಖಾನೆಗೆ ಒಯ್ದಿದ್ದರು. ಖಡಿಯ ಮೇಲೆ ರಕ್ತವಿತ್ತು. ಅದರ ಪಕ್ಕದಲ್ಲಿ ಡಬ್ಬಿಯೊಂದು ಬಾಯ್ತೆರೆದು ಬಿದ್ದು, ಬೆಣ್ಣೆ ಬಿಸಿಲಿಗೆ ಕರಗಿ ದೂಳಿನಲ್ಲಿ ಹರಿದಿತ್ತು. ಅಂಥ ನೋಟ ನನಗೆ ಹೊಸದಲ್ಲ. ಟೇಪು ಬಿಚ್ಚಿದೆ.

ಗಾಯಗೊಂಡವನು ಫಕ್ಕೀರಪ್ಪ. ಶಿರಹಟ್ಟಿ ಹತ್ತಿರದ ಬೆಳ್ಳಟ್ಟಿಯವನು, ಐವತ್ತರ ಸಮೀಪದ ವಯಸ್ಸು. ಶಿರಹಟ್ಟಿ ಸೀಮೆ ಹಿಂದಿನ ವರ್ಷದವರೆಗೆ ಸಂಸ್ಥಾನದ ಆಳ್ವಿಕೆಯಲ್ಲಿತ್ತು. ಆತ ಅಲ್ಲಿನ ಕಚೇರಿಯ ಸಿಪಾಯಿ. ಸಂಸ್ಥಾನ ವಿಲೀನವಾದ ಮೇಲೆ ಕೆಲಸ ಹೋಗಿ, ಹಳೆಯ ಸೈಕಲ್ಲೊಂದನ್ನು ಕೊಂಡು, ವಾರಕ್ಕೊಮ್ಮೆ ಗದಗಿಗೆ ಬೆಣ್ಣೆ ತಂದು ಮಾರುತ್ತಿದ್ದ. ಮೋಟಾರು ಓಡಿಸಿದವನು ಇಮಾಮಸಾಬ, ಒಬ್ಬ ಹತ್ತಿ ವ್ಯಾಪಾರಿಯ ಡ್ರೈವರ್. ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಬಿಟ್ಟು ಬೇರೆ ಏನನ್ನೂ ಹಿಡಿದವನಲ್ಲ. ಬೇಜವಾಬ್ದಾರಿಯಿಂದ ಓಡಿಸಿದ ಆರೋಪ ಸಾಬೀತಾದರೆ ಜೈಲು, ಮೇಲೆ ಲೈಸೆನ್ಸ್ ರದ್ದು. ಲೈಸೆನ್ಸ್ ಹೋದರೆ ಅವನಿಗೆ ಅನ್ನದ ದಾರಿಯಿರಲಿಲ್ಲ.

ನಾನು ಅಳೆದೆ. ಮೋರಿಯ ಮೇಲೆ ರಸ್ತೆಯ ಅಗಲ ಹದಿನಾಲ್ಕು ಅಡಿ. ಮೋಟಾರಿನ ಎಡ ಮಡ್‌ಗಾರ್ಡ್ ಒಳಕ್ಕೆ ಬಾಗಿತ್ತು. ಸೈಕಲ್ಲು ಮೋರಿಯ ಎಡಬದಿಯ ಕಟ್ಟೆಯಿಂದ ಐದು ಅಡಿ ಈಚೆ, ಮುಂದಿನ ಗಾಲಿ ಮುರಿದು ಬಿದ್ದಿತ್ತು. ಕಟ್ಟೆಯ ಬುಡದಲ್ಲಿ ಒಂದು ಜೊತೆ ಚಪ್ಪಲಿ ಇದ್ದವು. ಕಂಡದ್ದನ್ನೆಲ್ಲ ನಕಾಶೆಗೆ ಹಾಕುವುದು ನನ್ನ ಅಭ್ಯಾಸವಾದ್ದರಿಂದ ಅವನ್ನೂ ಹಾಕಿದೆ: ಕಟ್ಟೆಯಿಂದ ಮೂರು ಇಂಚು, ಹಿಮ್ಮಡಿ ಕಟ್ಟೆಯ ಕಡೆ, ತುದಿ ರಸ್ತೆಯ ಕಡೆ.

ಅಳತೆ ಮುಗಿದ ಮೇಲೆ ಕೆಳಗೆ ಒಂದು ಸಾಲು ಬರೆದೆ. ಅದನ್ನು ಬರೆಯಲು ನನಗೆ ಯಾರೂ ಹೇಳಿರಲಿಲ್ಲ. “ಎಡಬದಿಯಲ್ಲಿ ಹೋಗುತ್ತಿದ್ದ ಸೈಕಲ್ ಸವಾರನಿಗೆ ಎಡೆ ಕೊಡದೆ ಮೋಟಾರು ಹಿಂದಿನಿಂದ ಬಡಿದಂತೆ ಕಾಣುತ್ತದೆ.” ಠಾಣೆಯ ಫೌಜದಾರರು ಅದನ್ನು ಓದಿ ತಲೆಯಾಡಿಸಿದರು. ಮರುದಿನ ಫಕ್ಕೀರಪ್ಪನ ಜಬಾನಿ ಹೇಳಿಕೆಯೂ ಹಾಗೆಯೇ ಬಂತು. ಬೆಟಗೇರಿಯಲ್ಲಿ ಮಗ್ಗ ಹಾಕಿದ್ದ ಅವನ ಅಳಿಯ ತೋಟಪ್ಪ ದವಾಖಾನೆಯಲ್ಲಿ ಮಂಚದ ಪಕ್ಕ ನಿಂತು ಬರೆಸಿದ್ದು: ಮಾವ ತನ್ನ ಪಾಡಿಗೆ ಸೈಕಲ್ ಹೊಡೆಯುತ್ತಿದ್ದ, ಮೋಟಾರು ಬಂದು ಬಡಿಯಿತು. ಎಲ್ಲ ಸರಿಹೊಂದಿತು.

ಸುಮಾರು ಎರಡು ತಿಂಗಳ ಮೇಲೆ ಕೋರ್ಟಿಗಾಗಿ ನಕಾಶೆಯ ಪ್ರತಿ ತೆಗೆಯಬೇಕಾಯಿತು. ಅಳತೆಗಳನ್ನು ಒಂದೊಂದಾಗಿ ನೋಡಿ ಬರೆಯುತ್ತ ಚಪ್ಪಲಿಯ ಬಳಿ ಬಂದಾಗ ಪೆನ್ಸಿಲ್ ನಿಂತಿತು. ಓಡುವ ಸೈಕಲ್ಲಿನ ಮೇಲಿಂದ ಬಿದ್ದವನ ಚಪ್ಪಲಿ ಒಂದು ಇತ್ತ, ಒಂದು ಅತ್ತ ಹಾರುತ್ತವೆ. ಇವು ಜೋಡಿಯಾಗಿ, ಕಟ್ಟೆಗೆ ಬೆನ್ನು ಮಾಡಿ ನಿಂತವನು ಬಿಟ್ಟ ಹಾಗೆ ಇದ್ದವು. ಯಾರಾದರೂ ಎತ್ತಿ ಇಟ್ಟಿರಬಹುದೇ? ಆ ದಿನ ಸ್ಥಳಕ್ಕೆ ಮೊದಲು ಬಂದ ಕಾನ್‌ಸ್ಟೇಬಲ್‌ನನ್ನು ಕೇಳಿದೆ.

“ನಾ ಮುಟ್ಟಿಲ್ರಿ, ಪಂಚರೂ ಮುಟ್ಟಿಲ್ಲ. ಇದೇನ್ ರಾಯರ, ಮೋಟಾರ ಕೇಸೋ, ಚಪ್ಪಲಿ ಕೇಸೋ?” ಎಂದು ನಕ್ಕ.

ನನಗೆ ನಗು ಬರಲಿಲ್ಲ. ಫೌಜದಾರರಿಗೆ ವಿಷಯ ತಿಳಿಸಿದೆ. “ಕೇಳೂದಿದ್ರ ಕೇಳ್ರಿ. ಹೇಳಿಕೊಡಬ್ಯಾಡ್ರಿ” ಎಂದರು.

ಮೊದಲು ಇಮಾಮಸಾಬ ಸಿಕ್ಕ. ವಾರಕ್ಕೊಮ್ಮೆ ಠಾಣೆಗೆ ಹಾಜರಿ ಕೊಡಲು ಬರುತ್ತಿದ್ದ. ಜಾಮೀನಿನ ಮೇಲಿದ್ದವನ ಮುಖ ಇಳಿದುಹೋಗಿತ್ತು.

“ಮೊದಲ ದಿನದಿಂದ ಹೇಳಾಕತ್ತೀನ್ರಿ ರಾಯರ, ಅಂವ ಸೈಕಲ್ ಮ್ಯಾಲ ಇರಲೇ ಇಲ್ಲ. ಇಳಿದು ನಿಂತಿದ್ದ. ‘ಎಲ್ಲಾ ಡ್ರೈವರ್ರೂ ಇದನ್ನ ಹೇಳ್ತಾರ’ ಅಂತ ನಕ್ಕಬಿಟ್ರು.”

“ಇಳಿದು ನಿಂತಾಂವ ಕಂಡ ಮ್ಯಾಲ ನೀ ಯಾಕ ಸಾವಕಾಶ ಮಾಡಲಿಲ್ಲ?”

ಅವನು ಠಾಣೆಯ ಬಾಗಿಲ ಕಡೆ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: “ಜಗಳಕ್ಕ ಇಳಿದಾನ ಅನ್ಕೊಂಡ್ನಿ. ಹಿಂದಿನ ವಾರ ಸ್ಟೇಶನ್ ರೋಡಿನ್ಯಾಗ ನಾಲ್ಕು ಮಂದಿ ಹಿಂಗ ಸೈಕಲ್ ಇಳಿದು, ಗಾಡಿ ತರುಬಿ, ನನ್ನ ಕಾಲರ್ ಹಿಡಿದಿದ್ರು. ಜಲ್ದಿ ದಾಟಿಬಿಡೂಣು ಅಂತ ಜೋರ್ ಒತ್ತಿದೆ.”

“ಇದನ್ನ ಫೌಜದಾರ್ರಿಗೆ ಹೇಳೀಯೇನು?”

“ಹ್ಯಾಂಗ ಹೇಳಲ್ರೀ? ಜೋರ್ ಓಡಿಸಿದ್ದು ನಾನ ಒಪ್ಪಿದಂಗ ಆಗೂದಿಲ್ಲೇನು?”

ಅಂದೇ ಸಂಜೆ ಬೆಟಗೇರಿಗೆ ಹೋದೆ. ದವಾಖಾನೆ ಬಿಟ್ಟ ಮೇಲೆ ಫಕ್ಕೀರಪ್ಪ ತೋಟಪ್ಪನ ಮನೆಯಲ್ಲಿದ್ದ. ಕಾಲಿಗೆ ಪ್ಲಾಸ್ಟರ್ ಹಾಕಿ ಚಾಪೆಯ ಮೇಲೆ ಕೂಡಿಸಿದ್ದರು. ತೋಟಪ್ಪ ಮಗ್ಗದ ಕುಣಿಯಲ್ಲಿ ಕೂತು ಲಾಳಿ ಎಸೆಯುತ್ತಿದ್ದ. ನಾನು ಚಪ್ಪಲಿಯ ಮಾತು ತೆಗೆದ ಕೂಡಲೇ ಮಗ್ಗದ ಸಪ್ಪಳ ನಿಂತಿತು.

ಫಕ್ಕೀರಪ್ಪ ಅಳಿಯನ ಮುಖ ನೋಡಿದ. “ಅದನ್ನ ಬರೀಬ್ಯಾಡ್ರಿ ರಾಯರ” ಎಂದ.

“ಇದ್ದದ್ದು ಬರದಾಗೇತಿ. ಅವನ್ನ ಬಿಟ್ಟದ್ದು ಯಾಕ ಅಂತ ಅಷ್ಟ ಹೇಳು.”

“ನಮ್ಮ ಕಡೆ ಮೋಟಾರಂದ್ರ ಒಂದ ಇತ್ರಿ, ಸಂಸ್ಥಾನದ ಕಾರಭಾರಿ ಸಾಹೇಬರದು. ಹಾರ್ನ್ ಕೇಳಿದ್ರ ಸೈಕಲ್ ಇಳೀಬೇಕು, ಚಪ್ಪಲಿ ಬಿಡಬೇಕು, ಕೈ ಕಟ್ಟಿ ನಿಂದರಬೇಕು. ಹಂಗಂತ ಯಾರೂ ಬರದಿರಲಿಲ್ಲ. ರೂಢಿ. ಇಪ್ಪತ್ತೈದು ವರ್ಷ ಸಿಪಾಯಿಕಿ ಮಾಡೇನ್ರಿ. ಹಾರ್ನ್ ಬಿತ್ತು, ಕಾಲು ತಾವ ಇಳಿದ್ವು.”

ತೋಟಪ್ಪ ಕುಣಿಯಿಂದಲೇ ಕೂಗಿದ: “ಕೇಳಿದ್ರೇನ್ರಿ? ಸ್ವರಾಜ್ಯ ಬಂದು ಎರಡು ವರ್ಷಾತು, ನಮ್ಮ ಮಾವ ಹತ್ತಿ ಸಾವಕಾರನ ಡ್ರೈವರ್‌ಗ ಚಪ್ಪಲಿ ಬಿಡ್ತಾನ! ಇದನ್ನ ಕೋರ್ಟಿನ್ಯಾಗ ಹೇಳಿ, ಇಡೀ ಬೆಟಗೇರಿ ಮುಂದ ನಾನು ಹ್ಯಾಂಗ ತಲಿ ಎತ್ಲಿ?”

“ಅದಕ್ಕ ಹೇಳಲಿಲ್ರಿ” ಎಂದ ಫಕ್ಕೀರಪ್ಪ. ಸೈಕಲ್ಲನ್ನು ಕಟ್ಟೆಗೆ ಆನಿಸಿ ನಿಂತಾಗ ಡಬ್ಬಿಯ ಭಾರಕ್ಕೆ ಅದು ಜಾರಿತಂತೆ. ಬೆಣ್ಣೆ ಚೆಲ್ಲುತ್ತದೆಂದು ಹಿಡಿಯಲು ಹೋದಾಗ ಮುಂದಿನ ಗಾಲಿ ರಸ್ತೆಗೆ ಹೊರಳಿ, ಅದರೊಂದಿಗೆ ಅವನ ಕಾಲೂ ಮೋಟಾರಿಗೆ ಸಿಕ್ಕಿತು.

ಹೇಳಿಕೊಡಬಾರದು ಎಂಬ ಫೌಜದಾರರ ಮಾತು ನೆನಪಿತ್ತು. ಏನು ಹೇಳಬೇಕೆಂದು ನಾನು ಅವನಿಗೆ ಹೇಳಲಿಲ್ಲ. ಆದರೆ ಡ್ರೈವರ್ ಹೇಳಿದ್ದನ್ನು ಹೇಳಿದೆ. ಅದು ಸರಿಯೋ ತಪ್ಪೋ ಎಂಬುದು ನನಗೆ ಇವತ್ತಿಗೂ ಬಗೆಹರಿದಿಲ್ಲ.

“ಜಗಳಕ್ಕ? ನಾನು?” ಫಕ್ಕೀರಪ್ಪ ಕಾಲು ನೋಯುವಷ್ಟು ನಕ್ಕ. ನಗು ನಿಂತ ಮೇಲೆ ಕೆಳಗೆ ನೋಡಿದ. “ಹಂಗ ಕಂಡ್ನೇನ್ರಿ ನಾನು? ಬಡ್ಯಾಕ ನಿಂತಾಂವನಂಗ?” ಎಂದು ಎರಡು ಸಲ ಕೇಳಿದ. ತೋಟಪ್ಪ ಹೇಳಿದ ಅಪಮಾನಕ್ಕಿಂತ ಇದು ಆತನಿಗೆ ಹೆಚ್ಚು ನಾಟಿತ್ತು.

ಕೋರ್ಟಿನ ದಿನ ಒಳಗೆ ಕಾಲಿಡಲು ಜಾಗವಿರಲಿಲ್ಲ. ಸೈಕಲ್ಲಿನವರು ಒಂದು ಗೋಡೆಗೆ, ಡ್ರೈವರರು ಇನ್ನೊಂದು ಗೋಡೆಗೆ. ಮೊದಲ ಸಾಕ್ಷಿ ನಾನು. ಡ್ರೈವರನ ಪರ ವಕೀಲರು ನಕಾಶೆಯ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ನೀವು ಕಣ್ಣಾರೆ ನೋಡೀರೇನು?”

“ಇಲ್ಲ.”

“ಯಾವ ಅಳತೆಯಿಂದ ಗೊತ್ತಾತು?”

ಮನೆಯಲ್ಲಿ ಉತ್ತರ ಯೋಚಿಸಿಕೊಂಡು ಬಂದಿದ್ದೆ. ಅದು ಬಾಯಿಗೆ ಬರಲಿಲ್ಲ. “ಯಾವ ಅಳತೆಯಿಂದಲೂ ಅಲ್ಲ. ಸೈಕಲ್ಲು ಬಿದ್ದದ್ದು ನೋಡಿ ಹಾಗೆ ಇರಬೇಕು ಅಂತ ತಿಳಕೊಂಡೆ. ಅಳತೆ ಬೇರೆಯೇ ಹೇಳುತ್ತದೆ. ಆ ಸಾಲನ್ನು ಹೊಡೆದುಹಾಕಲು ಅಪ್ಪಣೆಯಾಗಬೇಕು” ಎಂದೆ. ಮ್ಯಾಜಿಸ್ಟ್ರೇಟರು ಪೆನ್ನು ಕೊಟ್ಟರು. ನಾನು ಗೀಟು ಎಳೆದು ಸಹಿ ಮಾಡಿದೆ. ಸೈಕಲ್ಲಿನವರ ಕಡೆಯಿಂದ ಯಾರೋ “ಸಾವಕಾರ ಚಹಾ ಕುಡಿಸ್ಯಾನ” ಎಂದದ್ದು ಕೇಳಿಸಿತು.

ಆಮೇಲೆ ಫಕ್ಕೀರಪ್ಪ ಕೋಲೂರಿ ಬಂದು ನಿಂತ. ಸೈಕಲ್ಲಿನ ಮೇಲಿದ್ದೆಯೋ, ಕೆಳಗೋ ಎಂದು ಮ್ಯಾಜಿಸ್ಟ್ರೇಟರೇ ಕೇಳಿದರು.

“ಕೆಳಗಿದ್ನಿರಿ.”

“ಯಾಕೆ ಇಳಿದೆ?”

ತೋಟಪ್ಪ ಹಿಂದಿನಿಂದ ಕೆಮ್ಮಿದ. ಫಕ್ಕೀರಪ್ಪ ತಿರುಗಲಿಲ್ಲ.

“ಮೋಟಾರ ಬಂತಲ್ರಿ ಸಾಹೇಬ್ರ. ಇಳಿದೆ. ಚಪ್ಪಲಿ ಬಿಟ್ಟೆ. ಕೈ ಕಟ್ಟಿ ನಿಂತೆ. ಜಗಳಕ್ಕ ಇಳೀಲಿಲ್ರಿ. ನಾ ಅಂಥಾಂವಲ್ಲ.”

ಎರಡೂ ಗೋಡೆಯವರು ನಕ್ಕರು. ಕೋರ್ಟಿನ ಬೇಲಿಫ್ ಗದರಿಸಿದ. ನಗು ಅಡಗಿದ ಮೇಲೆ ಕಟಕಟೆಯಲ್ಲಿದ್ದ ಇಮಾಮಸಾಬ ಯಾರೂ ಕೇಳದೆಯೇ ಕೈಮುಗಿದು ಹೇಳಿದ: “ನಾ ಜೋರ್ ಒತ್ತಿದ್ದು ಖರೆ ಐತ್ರಿ. ಅಂಜಿ ಒತ್ತಿದೆ.” ಅವನ ವಕೀಲರು ತಲೆಗೆ ಕೈ ಹಚ್ಚಿಕೊಂಡರು.

ಅವನಿಗೆ ಜೈಲಾಗಲಿಲ್ಲ. ಲೈಸೆನ್ಸ್ ರದ್ದಾಗಲಿಲ್ಲ, ಅದರ ಮೇಲೆ ಒಂದು ಎಚ್ಚರಿಕೆ ಬರೆದು ತಿರುಗಿ ಕೊಟ್ಟರು. ಫಕ್ಕೀರಪ್ಪನ ಕಾಲು ಕೂಡಿತು, ಆದರೆ ಕೊಂಚ ಗಿಡ್ಡವಾಯಿತು. ತೋಟಪ್ಪ ನನ್ನೊಂದಿಗೆ ಮಾತಾಡಲು ವರ್ಷ ಹಿಡಿಯಿತು.

ಆ ದಿನ ಹೊರಗೆ ಬೇವಿನ ನೆರಳಿನಲ್ಲಿ ಶಿರಹಟ್ಟಿಯ ಬಸ್ಸಿಗೆ ಕಾಯುತ್ತಿದ್ದ ಫಕ್ಕೀರಪ್ಪನನ್ನು ಕೇಳಿದೆ: “ಇನ್ನ ಮೋಟಾರ ಬಂದ್ರ ಇಳಿಯೂದಿಲ್ಲಲ್ಲ?”

“ಇಳೀತೀನ್ರಿ” ಎಂದ. “ಮೊದಲ ಮರ್ಯಾದಿಗೆ ಇಳೀತಿದ್ದೆ, ಇನ್ನ ಅಂಜಿಕಿಗೆ ಇಳೀತೀನಿ. ನೋಡಾವ್ರಿಗೆ ಎರಡೂ ಒಂದ ಕಾಣ್ತಾವ.”

ಏಕೀಕರಣವಾಗಿ ನಮ್ಮ ನೌಕರಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಪಘಾತದ ಹೊಸ ಫಾರ್ಮು ಬಂತು. ಅದರಲ್ಲಿ ‘ಓವರ್‌ಸಿಯರರ ಅಭಿಪ್ರಾಯ’ ಎಂಬ ಕಾಲಂ ಅಚ್ಚಾಗಿಯೇ ಇತ್ತು. ನಾನು ಪ್ರತಿ ಸಲವೂ ಅಲ್ಲಿ “ಅಳತೆ ಮೇಲೆ ಇದೆ. ಕಾರಣ ನನಗೆ ಗೊತ್ತಿಲ್ಲ, ಇಬ್ಬರನ್ನೂ ಕೇಳಬೇಕು” ಎಂದು ಬರೆದು ಸಹಿ ಮಾಡುತ್ತಿದ್ದೆ. ಇದು ಅಭಿಪ್ರಾಯವಲ್ಲ ಎಂದು ಮೇಲಿನವರು ಎರಡು ಸಲ ಮೆಮೋ ಕೊಟ್ಟರು. ಎರಡಕ್ಕೂ ಉತ್ತರ ಬರೆದೆ: ಟೇಪಿನಿಂದ ಒಬ್ಬ ಮನುಷ್ಯ ಎಲ್ಲಿ ಇಳಿದನೆಂದು ತಿಳಿಯುತ್ತದೆ, ಯಾಕೆ ಇಳಿದನೆಂದು ತಿಳಿಯುವುದಿಲ್ಲ.