ಹೌನ್ಸ್ಲೋ ಚಳಿಯಲ್ಲಿ ಗೇರ್ ಆಯಿಲ್

ವಿಲಾಯಿತಿಯ ಹೌನ್ಸ್ಲೋದಲ್ಲಿರುವ ಮಗಳ ಮನೆಗೆ ಬಂದವನು ಅಳಿಯನ ಹಳೆಯ ಕಾರಿಗೆ ಕೈ ಹಾಕಿದೆ. ಗೇರ್‌ಬಾಕ್ಸ್ ಸದ್ದು ಮಾಡುತ್ತದೆಂದು, ಹುಬ್ಬಳ್ಳಿ ಬಿಸಿಲಲ್ಲಿ ಲಾರಿಗೆ ಹಾಕುತ್ತಿದ್ದಂಥ ದಪ್ಪ ಆಯಿಲ್ ನಿನ್ನೆ ತುಂಬಿದ್ದೆ. ಇಲ್ಲಿಯ ಚಳಿಗೆ ಬೆಳಗಾಗುವಷ್ಟರಲ್ಲಿ ಅದು ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಗೇರ್ ಬೀಳಲೊಲ್ಲದು.

ಅಳಿಯ ದೋಸೆ ಮಗುಚುವ ಸಟ್ಟುಗದಿಂದ ಗಾಜಿನ ಮಂಜು ಕೆರೆಯುತ್ತಿದ್ದ. “ಮಾವಾರ, ಇವತ್ತೂ ಲೇಟ್ ಆದ್ರ ಏರ್‌ಪೋರ್ಟಿನ ಕೆಲಸ ಹೋಗ್ತದ್ರಿ. ಗಾಡಿ ಸ್ವಲ್ಪ ಬಿಸಿ ಮಾಡೋಣು.”

“ಲಾರಿ ಹೊಡದಾಂವ ಅದೀನಿ ನಾ. ಸರೀರಿ ಅತ್ಲಾಗ!” ಎಂದು ಲಿವರನ್ನು ಜೋರಾಗಿ ನೂಕಿದೆ. ಒಳಗೆ ಏನೋ ಕಟಕ್ಕನೆ ಮುರಿಯಿತು. ಲಿವರು ಸಡಿಲವಾಗಿ ಜೋತಾಡತೊಡಗಿತು.

ಅಳಿಯ ಸಟ್ಟುಗವನ್ನು ಬಾನೆಟ್ ಮೇಲೆ ಬಿಟ್ಟು ಬಸ್ ಸ್ಟಾಪಿನ ಕಡೆ ಓಡಿದ. ನಾನು ನಟ್ಟು ಬಿಚ್ಚುವ ಪಾನಾ ತರಲು ಒಳಗೆ ಹೊರಟೆ. ಬಾಗಿಲಲ್ಲಿ ಮಗಳು ಅಡ್ಡ ನಿಂತಿದ್ದಳು.

“ಅಪ್ಪಾ, ನೀ ಇನ್ನ ಈ ಮನ್ಯಾಗ ಏನೂ ಮುಟ್ಟಬ್ಯಾಡ.”